ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್‌ಗೆ ಯಾವ ಎಣ್ಣೆ ಒಳ್ಳೆಯದು?

ಪ್ರಶ್ನೆ: ನಾನು ಸಣ್ಣ ಪ್ರಮಾಣದಲ್ಲಿ ಸಾಬೂನು, ಕ್ರೀಮ್ ಮಾಡುತ್ತೇನೆ. ಈಗ ಖನಿಜ ಸನ್‌ಸ್ಕ್ರೀನ್ ಮಾಡಿ ನೋಡಿದ್ದೇನೆ. ಶೇ. 20ರಷ್ಟು ಕೋಟಿಂಗ್ ಇಲ್ಲದ ಜಿಂಕ್ ಆಕ್ಸೈಡ್, ಅರ್ಧದಷ್ಟು ನೀರು, ಉಳಿದದ್ದು ಗಾಣದ ಕೊಬ್ಬರಿ ಎಣ್ಣೆ, ದ್ರಾಕ್ಷಿ ಬೀಜದ ಎಣ್ಣೆ, ರಾಸ್‌ಬೆರಿ ಬೀಜದ ಎಣ್ಣೆ. ಮಂದ ಬರಲಿ ಅಂತ ಸ್ವಲ್ಪ ಸ್ಟಿಯರಿಕ್ ಆಮ್ಲ, ಕೆಡದಿರಲಿ ಅಂತ ಸೋಡಿಯಂ ಬೆಂಜೋಯೇಟ್ ಹಾಕಿದ್ದೇನೆ. ರಾಸ್‌ಬೆರಿ ಬೀಜದ ಎಣ್ಣೆಗೇ 30ರ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) ಇದೆ ಎಂದು ಓದಿದ್ದೆ. ಮೊದಲ ವಾರ ಕ್ರೀಮ್ ಚೆನ್ನಾಗಿತ್ತು. ಒಂದೂವರೆ ತಿಂಗಳಲ್ಲಿ ಗಟ್ಟಿಯಾಯಿತು, ತರಿತರಿಯಾಯಿತು. ಈಗ ಮೇಲೆ ಎಣ್ಣೆ ನಿಂತಿದೆ, ಒಂಥರಾ ವಾಸನೆ ಬೇರೆ. ತಪ್ಪು ಎಲ್ಲಿದೆ? ಯಾವ ಎಣ್ಣೆ ಎಷ್ಟು ಹಾಕಬೇಕು?

ಉತ್ತರ: ನೀವು ನಾಲ್ಕು ತೊಂದರೆ ಹೇಳಿದ್ದೀರಿ: ಗಟ್ಟಿ, ತರಿ, ಎಣ್ಣೆ, ವಾಸನೆ. ಐದನೆಯದು ಒಂದಿದೆ. ಅದಿನ್ನೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ರಾಸ್‌ಬೆರಿ ಎಣ್ಣೆಯ ಎಸ್‌ಪಿಎಫ್ ಮಾತು. ಯಾಕಂದ್ರೆ ನೀವು ಎಣ್ಣೆ ಆರಿಸಿದ್ದೇ ಅದನ್ನು ನಂಬಿ. ಆ ಸಂಖ್ಯೆಯ ಮೂಲ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಬಂಧ. ಅದರಲ್ಲಿ ಅಳೆದದ್ದು ಆ ಎಣ್ಣೆ ಬಿಸಿಲಿನ ಯುವಿ (ನೇರಳಾತೀತ) ಕಿರಣವನ್ನು ಎಷ್ಟು ಹೀರುತ್ತದೆ ಅನ್ನುವುದನ್ನು, ಉಪಕರಣದಲ್ಲಿ. ಮನುಷ್ಯರ ಚರ್ಮಕ್ಕೆ ಹಚ್ಚಿ, ಬಿಸಿಲಿನಂಥ ಬೆಳಕು ಬಿಟ್ಟು, ಚರ್ಮ ಎಷ್ಟು ಹೊತ್ತಿಗೆ ಕೆಂಪಾಯಿತು ಎಂದು ನೋಡಿಲ್ಲ. ಕೊಬ್ಬರಿ ಎಣ್ಣೆಗೆ, ಆಲಿವ್ ಎಣ್ಣೆಗೆ ಎಸ್‌ಪಿಎಫ್ 8 ಇದೆ ಅನ್ನುವ ಮಾತೂ ಹೀಗೇ ಹುಟ್ಟಿದ್ದು. 2010ರ ಒಂದು ಪ್ರಯೋಗದಲ್ಲಿ ಎಣ್ಣೆಯನ್ನು ಆಲ್ಕೋಹಾಲ್ ಬೆರೆತ ನೀರಿನಲ್ಲಿ ಕದಡಿ ಉಪಕರಣದಲ್ಲಿ ಅಳೆದರು, ಬಂದ ಅಂಕಿಯನ್ನು ಒಂದು ಸೂತ್ರಕ್ಕೆ ಹಾಕಿದರು. ಉಪಕರಣದ ಗಾಜಿನ ಕೊಳವೆಯಲ್ಲಿರುವ ದ್ರಾವಣವೇ ಬೇರೆ, ಚರ್ಮದ ಏರುತಗ್ಗುಗಳ ಮೇಲೆ ಹರಡಿ ಅರ್ಧ ಗಂಟೆಯಲ್ಲಿ ತೆಳುವಾಗಿಬಿಡುವ ಎಣ್ಣೆಯ ಪದರವೇ ಬೇರೆ.

ಎಣ್ಣೆಯ ಮೂಲ ವಸ್ತು ಟ್ರೈಗ್ಲಿಸರೈಡ್. ಚರ್ಮ ಸುಡುವ 290ರಿಂದ 400 ನ್ಯಾನೋಮೀಟರ್ ಬೆಳಕಿನ ಮಟ್ಟಿಗೆ ಅದು ಹೆಚ್ಚುಕಡಿಮೆ ಕಿಟಕಿ ಗಾಜಿಗಿಂತಲೂ ಪಾರದರ್ಶಕ. ಹೊಂಗೆ ಎಣ್ಣೆಯಲ್ಲಿ ಕರಂಜಿನ್, ಪೊಂಗಮಾಲ್ ಅನ್ನುವ ವಸ್ತುಗಳಿವೆ. ಅವು ಯುವಿಎ (ಯುವಿಯ ಒಂದು ಬಗೆ) ಹೀರುತ್ತವೆ ಅನ್ನುವುದು ನಿಜ. ಆದರೆ ಎಣ್ಣೆಯಲ್ಲಿ ಅವುಗಳ ಪಾಲು ಕಡಿಮೆ, ನೀವು ಕ್ರೀಮಿಗೆ ಹೊಂಗೆ ಎಣ್ಣೆ ಹಾಕಿದರೂ ಶೇ. 3 ಅಥವಾ 4. ಅಷ್ಟರಿಂದ ರಕ್ಷಣೆಯ ಲೆಕ್ಕ ಬದಲಾಗುವುದಿಲ್ಲ. ಮಕ್ಕಳ ಚರ್ಮದ ವಿಷಯವಾದರಂತೂ ಈ ಮಾತಿನಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನಿಮ್ಮ ಕ್ರೀಮಿನಲ್ಲಿ ಬಿಸಿಲು ತಡೆಯುವುದು ಜಿಂಕ್ ಆಕ್ಸೈಡ್ ಒಂದೇ.

ಹಾಗಾದರೆ ಎಣ್ಣೆಗೆ ಏನು ಕೆಲಸ? ಪುಡಿಯನ್ನು ಹಿಡಿದುಕೊಳ್ಳುವುದು. ಇದು ಸಣ್ಣ ಕೆಲಸ ಅಂದ್ಕೋಬೇಡಿ.

ಒಂದು ಕೆಲಸ ಮಾಡಿ. ಎರಡು ಗಾಜಿನ ಸ್ಲೈಡ್ ತೆಗೆದುಕೊಳ್ಳಿ. ಒಂದರ ಮೇಲೆ ಸಾಸಿವೆ ಕಾಳಿನಷ್ಟು ಕ್ರೀಮ್ ಇಟ್ಟು, ಇನ್ನೊಂದನ್ನು ಮೇಲಿಂದ ಒತ್ತಿ, ಬೆಳಕಿಗೆ ಹಿಡಿಯಿರಿ. ಪುಡಿ ಚೆನ್ನಾಗಿ ಹರಡಿದ್ದರೆ ತೆಳು ಹಾಲು ಸುರಿದ ಹಾಗೆ ಒಂದೇ ಸಮ ಮಂಜು ಕಾಣುತ್ತದೆ. ಹರಡದಿದ್ದರೆ ಬಿಳಿ ಚುಕ್ಕಿಗಳು, ಚುಕ್ಕಿಗಳ ನಡುವೆ ಖಾಲಿ ಜಾಗ. ಆ ಖಾಲಿ ಜಾಗ ಚರ್ಮದ ಮೇಲೂ ಹಾಗೇ ಇರುತ್ತದೆ, ಬಿಸಿಲು ಅಲ್ಲಿಂದ ನೇರ ಒಳಗೆ ಇಳಿಯುತ್ತದೆ. ಅದೇ ಶೇ. 20 ಜಿಂಕ್ ಆಕ್ಸೈಡ್ ಹಾಕಿದ ಎರಡು ಕ್ರೀಮುಗಳ ಎಸ್‌ಪಿಎಫ್ ಬೇರೆ ಬೇರೆ ಬರುವುದು ಇದರಿಂದಲೇ. ನಿಮ್ಮ ಈಗಿನ ಕ್ರೀಮಿನಲ್ಲಿ ಚುಕ್ಕಿ ಕಂಡೇ ಕಾಣುತ್ತದೆ ಅಂತ ನನ್ನ ಅಂದಾಜು.

ಈಗ ಗಟ್ಟಿಯಾದದ್ದು ಯಾಕೆ ಅನ್ನುವುದಕ್ಕೆ ಬರೋಣ. ನೀವು ಸಾಬೂನು ಮಾಡುವವರು, ಆದ್ದರಿಂದ ಇದು ನಿಮಗೆ ಬೇಗ ಅರ್ಥವಾಗುತ್ತದೆ. ಯಾವ ಎಣ್ಣೆಯಲ್ಲೂ ಟ್ರೈಗ್ಲಿಸರೈಡ್‌ನಿಂದ ಬಿಡಿಸಿಕೊಂಡ ಕೊಬ್ಬಿನಾಮ್ಲ ಸ್ವಲ್ಪ ಇದ್ದೇ ಇರುತ್ತದೆ. ಗಾಣದ ಎಣ್ಣೆಯಲ್ಲಿ, ಹಳೆಯ ಎಣ್ಣೆಯಲ್ಲಿ, ತೇವ ತಗುಲಿದ ಬೀಜದಿಂದ ತೆಗೆದ ಎಣ್ಣೆಯಲ್ಲಿ ಜಾಸ್ತಿ. ಜಿಂಕ್ ಆಕ್ಸೈಡ್ ಈ ಆಮ್ಲದ ಜೊತೆ ಸೇರಿದರೆ ಸತುವಿನ (ಜಿಂಕ್‌ನ) ಸಾಬೂನು ಆಗುತ್ತದೆ. ಇದು ನೀರಿನಲ್ಲಿ ಕರಗುವ, ನೊರೆ ಕೊಡುವ ಸಾಬೂನಲ್ಲ. ಮೇಣದಂಥ ಅಂಟು ಗಟ್ಟಿ. ಪುಡಿಯ ಕಣಗಳನ್ನು ಒಂದಕ್ಕೊಂದು ಹೊಲಿದ ಹಾಗೆ ಹಿಡಿದುಬಿಡುತ್ತದೆ. ಈ ಕ್ರಿಯೆ ಒಂದೇ ದಿನಕ್ಕೆ ಆಗುವುದಿಲ್ಲ, ಡಬ್ಬಿಯೊಳಗೆ ವಾರಗಟ್ಟಲೆ ನಿಧಾನಕ್ಕೆ ನಡೆಯುತ್ತದೆ. ಮೊದಲ ವಾರ ಎಲ್ಲ ಸರಿ ಇದ್ದದ್ದು ಅದಕ್ಕೇ.

ನೀವು ಮಂದಕ್ಕೆ ಅಂತ ಹಾಕಿದ ಸ್ಟಿಯರಿಕ್ ಆಮ್ಲವೂ ಕೊಬ್ಬಿನಾಮ್ಲವೇ! ಎಣ್ಣೆಯಲ್ಲಿ ಇದ್ದದ್ದು ಸಾಲದು ಅಂತ ನೀವೇ ಕೈಯಾರೆ ಸುರಿದ ಹಾಗಾಯಿತು. ಕೋಟಿಂಗ್ ಇಲ್ಲದ ಜಿಂಕ್ ಆಕ್ಸೈಡ್ ಇರುವ ಕ್ರೀಮಿಗೆ ಸ್ಟಿಯರಿಕ್ ಆಮ್ಲ ಬೇಡವೇ ಬೇಡ. ನೀರನ್ನು ಜೆಲ್ ಮಾಡಿ ಮಂದ ತರುವ ಕಾರ್ಬೋಮರ್ ಕೂಡ ಬೇಡ. ಕರಗಿ ಬರುವ ಸತುವಿನ ಅಯಾನುಗಳು ಅದರ ಜೆಲ್ಲನ್ನು ಕೆಡಿಸಿಬಿಡುತ್ತವೆ.

ನಾನೂ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ. ಹಸಿರು ಬಣ್ಣದ ಆವಕಾಡೊ ಎಣ್ಣೆ, ಶುದ್ಧೀಕರಿಸದ್ದು, ಪರಿಮಳ ಚೆನ್ನಾಗಿತ್ತು ಅಂತ ಹಾಕಿದೆ. ಮೂರನೇ ವಾರ ಬೀಕರಿನ ಮುಚ್ಚಳ ತೆಗೆದು ಚಮಚ ಇಟ್ಟರೆ ಅದು ನೆಟ್ಟಗೆ ನಿಂತಿತು. ಚಮಚ ಎತ್ತಿದಾಗ ಕ್ರೀಮ್ ಜಾರಲಿಲ್ಲ, ಬಿರುಕು ಬಿಟ್ಟು ತುಂಡಾಗಿ ಎದ್ದಿತು. ಬಿರುಕಿನ ತಳದಲ್ಲಿ ಹಳದಿ ಎಣ್ಣೆ ಒಸರುತ್ತಿತ್ತು. ಕಣಗಳು ಒಂದಕ್ಕೊಂದು ಅಂಟಿ ಬಿಗಿಯಾದಾಗ ನಡುವೆ ಇದ್ದ ಎಣ್ಣೆಯನ್ನು ಹಿಂಡಿ ಹೊರಗೆ ಹಾಕುತ್ತವೆ. ನಿಮ್ಮ ಡಬ್ಬಿಯ ಮೇಲೆ ನಿಂತ ಎಣ್ಣೆಯೂ ಬಹುಶಃ ಹೀಗೇ ಬಂದದ್ದು.

ಆದರೆ ತರಿ ಎಲ್ಲವೂ ಸಾಬೂನಿನಿಂದಲೇ ಬಂದಿರಬೇಕಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಕರಗಿ ಹೆಪ್ಪಾಗಿ, ಮತ್ತೆ ಕರಗಿ ಹೆಪ್ಪಾದರೆ ದೊಡ್ಡ ಹರಳು ಕಟ್ಟುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಒಂದು ಚಮಚ ಕ್ರೀಮನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 50 ಡಿಗ್ರಿಗೆ ತನ್ನಿ. ತರಿ ಮಾಯವಾದರೆ ಅದು ಕೊಬ್ಬರಿ ಎಣ್ಣೆಯ ಹರಳು. ಬೆರಳ ನಡುವೆ ಉಜ್ಜಿದಾಗ ಮರಳಿನ ಹಾಗೆ ಹಾಗೇ ಉಳಿದರೆ ಪುಡಿಯ ಗಂಟು ಅಥವಾ ಸತುವಿನ ಸಾಬೂನು.

ವಾಸನೆಯ ಕಥೆ ಬೇರೆ. ಎಣ್ಣೆ ಕಮಟು ಹಿಡಿದಿದೆ. ಎಲ್ಲ ಕ್ರೀಮಿನಲ್ಲೂ ಎಣ್ಣೆ ಒಂದು ದಿನ ಕಮಟಾಗುತ್ತದೆ, ಆದರೆ ಖನಿಜ ಸನ್‌ಸ್ಕ್ರೀನಿನಲ್ಲಿ ಬೇಗ. ಜಿಂಕ್ ಆಕ್ಸೈಡ್ ಕನ್ನಡಿಯ ಹಾಗೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಸರಿಯಲ್ಲ. 2016ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಈ ಖನಿಜಗಳು ಹಿಂದಕ್ಕೆ ಕಳಿಸುವ ಯುವಿ ಸುಮಾರು ಶೇ. 5ರೊಳಗೆ. ಉಳಿದ ಕೆಲಸವೆಲ್ಲ ಹೀರಿಕೊಂಡು ಮಾಡುವುದು. ಹೀರಿದ ಶಕ್ತಿಯ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಸ್ವಲ್ಪ ಭಾಗ ಕಣದ ಮೇಲ್ಮೈಯಲ್ಲಿ ಆಮ್ಲಜನಕ, ನೀರಿನ ಜೊತೆ ಸೇರಿ, ಪಕ್ಕದ ವಸ್ತುವನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಅವಕ್ಕೆ ಪಕ್ಕದಲ್ಲೇ ಸಿಗುವುದು ನಿಮ್ಮ ಎಣ್ಣೆ. ಸನ್‌ಸ್ಕ್ರೀನಿಗೆ ಬಳಸುವ ಇನ್ನೊಂದು ಖನಿಜವಾದ ಟೈಟಾನಿಯಂ ಡೈಆಕ್ಸೈಡ್‌ನಲ್ಲಿ, ಅದರಲ್ಲೂ ಅನಟೇಸ್ ಅನ್ನುವ ಹರಳಿನ ರೂಪದಲ್ಲಿ, ಈ ಗುಣ ಇನ್ನೂ ಜೋರು.

ಫ್ರೀ ರ್‍ಯಾಡಿಕಲ್ ಹೊಡೆಯುವುದು ಎಣ್ಣೆಯ ಜೋಡಿ ಬಂಧಗಳ ಹತ್ತಿರ. ಎಣ್ಣೆಯ ಕೊಬ್ಬಿನಾಮ್ಲಗಳ ಪೈಕಿ ಓಲಿಯಿಕ್ ಆಮ್ಲದಲ್ಲಿ ಒಂದು ಜೋಡಿ ಬಂಧ, ಲಿನೋಲೆಯಿಕ್‌ನಲ್ಲಿ ಎರಡು, ಲಿನೋಲೆನಿಕ್‌ನಲ್ಲಿ ಮೂರು. ಒಂದು ಎರಡಾದರೆ ಕೆಡುವ ವೇಗ ಎರಡು ಪಟ್ಟಾಗುವುದಿಲ್ಲ, ಸುಮಾರು ಹತ್ತು ಪಟ್ಟಾಗುತ್ತದೆ. ಮೂರಾದರೆ ಅದರ ಮೇಲೂ ಸುಮಾರು ಎರಡು ಪಟ್ಟು. ದ್ರಾಕ್ಷಿ ಬೀಜದ ಎಣ್ಣೆಯಲ್ಲಿ ಮೂರನೇ ಎರಡು ಭಾಗದಷ್ಟು ಲಿನೋಲೆಯಿಕ್. ರಾಸ್‌ಬೆರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕೂ ಜಾಸ್ತಿ ಲಿನೋಲೆಯಿಕ್, ಕಾಲು ಭಾಗಕ್ಕೂ ಜಾಸ್ತಿ ಲಿನೋಲೆನಿಕ್. ರಕ್ಷಣೆಗೆ ಅಂತ ನೀವು ಆರಿಸಿದ ಎಣ್ಣೆಯೇ ಬಿಸಿಲಿಗೆ ಎಲ್ಲಕ್ಕಿಂತ ಬೇಗ ಕೆಡುವ ಎಣ್ಣೆ. ರಾತ್ರಿ ಹಚ್ಚುವ ಕ್ರೀಮಿಗೆ ಅದು ಒಳ್ಳೆಯದೇ, ಚರ್ಮಕ್ಕೆ ಹಿತ. ಬಿಸಿಲಿಗೆ ಹಚ್ಚುವುದಕ್ಕೆ ಬೇಡ.

ಎಣ್ಣೆಯಲ್ಲಿ ಜೋಡಿ ಬಂಧ ಎಷ್ಟಿದೆ ಅಂತ ಅಳೆಯಲು ಅಯೋಡಿನ್ ಮೌಲ್ಯ ಅಂತ ಇದೆ. ಎಣ್ಣೆ ಕೊಳ್ಳುವಾಗ ಕೊಡುವ ವಿಶ್ಲೇಷಣಾ ಪತ್ರದಲ್ಲಿ ಸಿಗುತ್ತದೆ. ಕೊಬ್ಬರಿ ಎಣ್ಣೆಗೆ 10ರ ಆಸುಪಾಸು, ಆಲಿವ್ ಎಣ್ಣೆಗೆ ಸುಮಾರು 75ರಿಂದ 94, ಮಾಮೂಲಿ ಸೂರ್ಯಕಾಂತಿ ಎಣ್ಣೆಗೆ 118ರಿಂದ 141, ಅಗಸೆ ಎಣ್ಣೆಗೆ 170ರ ಮೇಲೆ. ನಾನು ಖನಿಜ ಸನ್‌ಸ್ಕ್ರೀನಿಗೆ 100 ದಾಟಿದ ಎಣ್ಣೆ ತೆಗೆದುಕೊಳ್ಳುವುದಿಲ್ಲ. ಅದೇ ಪತ್ರದಲ್ಲಿ ಆಮ್ಲ ಮೌಲ್ಯವನ್ನೂ (ಬಿಡಿ ಕೊಬ್ಬಿನಾಮ್ಲದ ಅಳತೆ) ನೋಡಿ, 1ಕ್ಕಿಂತ ಕಡಿಮೆ ಇರಲಿ. ಅತಿ ಶ್ರೇಷ್ಠ ದರ್ಜೆಯ ಆಲಿವ್ ಎಣ್ಣೆಯಲ್ಲೂ ಬಿಡಿ ಆಮ್ಲ ಶೇ. 0.8ರವರೆಗೆ ಇರಬಹುದು. ಅಂದರೆ ಆಮ್ಲ ಮೌಲ್ಯ 1.6ರವರೆಗೆ. ಊಟಕ್ಕೆ ಅದು ಅತ್ಯುತ್ತಮ, ಜಿಂಕ್ ಆಕ್ಸೈಡ್ ಪಕ್ಕದಲ್ಲಿ ಇಡಲು ಅಲ್ಲ. ಪೆರಾಕ್ಸೈಡ್ ಮೌಲ್ಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದು ಎಣ್ಣೆ ಈಗಾಗಲೇ ಎಷ್ಟು ಕೆಟ್ಟಿದೆ ಅಂತ ಹೇಳುತ್ತದೆ.

ಶುದ್ಧೀಕರಿಸಿದ ಎಣ್ಣೆ ಅಂದ್ರೆ ಸತ್ವ ಹೋದ ಎಣ್ಣೆ ಅಂತ ನಿಮಗೆ ಬೇಸರ ಆಗಬಹುದು. ನನಗೂ ಗಾಣದ ಎಣ್ಣೆಯ ಮೇಲೆ ಪ್ರೀತಿ ಇದೆ. ಆದರೆ ಇಲ್ಲಿ ಶುದ್ಧೀಕರಣ ತೆಗೆದುಹಾಕುವುದು ಬಿಡಿ ಆಮ್ಲವನ್ನು. ಅದೇ ನಿಮ್ಮ ಕ್ರೀಮನ್ನು ಕೆಡಿಸಿದ್ದು.

ಇನ್ನು ಯಾವುದು ಹಾಕಬೇಕು? ನನ್ನ ಮೊದಲ ಆಯ್ಕೆ ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್. ಹೆಸರು ಕೇಳಿ ಹೆದರಬೇಡಿ. ಕೊಬ್ಬರಿ ಎಣ್ಣೆ ಅಥವಾ ತಾಳೆ ಬೀಜದ ಎಣ್ಣೆಯ ಚಿಕ್ಕ ಕೊಬ್ಬಿನಾಮ್ಲಗಳನ್ನು ಬೇರೆ ಮಾಡಿ ಗ್ಲಿಸರಿನ್ ಜೊತೆ ಸೇರಿಸಿದ್ದು. ಜೋಡಿ ಬಂಧ ಇಲ್ಲ, ಹಾಗಾಗಿ ಕಮಟಾಗುವುದಿಲ್ಲ ಅಂತಲೇ ಹೇಳಬಹುದು. ಚಳಿಗೆ ಹೆಪ್ಪುಗಟ್ಟುವುದಿಲ್ಲ, ಹಗುರ, ಪುಡಿಯನ್ನು ಚೆನ್ನಾಗಿ ನೆನೆಸುತ್ತದೆ. ಕೊಬ್ಬರಿ ಎಣ್ಣೆಯ ಒಳ್ಳೆಯ ಗುಣ ಬೇಕು, ಹರಳು ಬೇಡ ಅನ್ನುವವರಿಗೆ ಇದು ಸರಿಯಾದದ್ದು.

ಎರಡನೆಯದು ಹರಳೆಣ್ಣೆ. ಲಿಪ್‌ಸ್ಟಿಕ್ ಮಾಡುವವರು ಬಣ್ಣದ ಪುಡಿ ಅರೆಯಲು ತಲೆಮಾರುಗಳಿಂದ ಇದನ್ನೇ ನೆಚ್ಚಿಕೊಂಡಿದ್ದಾರೆ, ಅದಕ್ಕೆ ಕಾರಣ ಇದೆ. ಇದರ ಶೇ. 85ರಿಂದ 90 ಭಾಗ ರಿಸಿನೋಲೆಯಿಕ್ ಆಮ್ಲ. ಆ ಆಮ್ಲದ ಬೆನ್ನಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ. ಖನಿಜದ ಕಣಕ್ಕೆ ಅದು ಕೈ ಹಾಕಿ ಹಿಡಿಯುತ್ತದೆ. ಉಳಿದ ಎಣ್ಣೆಗಳಿಗೆ ಈ ಹಿಡಿತ ಇಲ್ಲ. ಆದರೆ ಶೇ. 3ರ ಆಸುಪಾಸಿನಲ್ಲಿ ನಿಲ್ಲಿಸಿ. ಜಾಸ್ತಿಯಾದರೆ ಕ್ರೀಮ್ ಮುಖಕ್ಕೆ ಜಿಗಟು ಜಿಗಟಾಗಿ ಅಂಟುತ್ತದೆ. ಜಿಗಟು ಕ್ರೀಮನ್ನು ಯಾರೂ ಬೇಕಾದಷ್ಟು ಹಚ್ಚಿಕೊಳ್ಳುವುದಿಲ್ಲ. ಸನ್‌ಸ್ಕ್ರೀನಿನ ಪರೀಕ್ಷೆ ನಡೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಜನ ಹಚ್ಚಿಕೊಳ್ಳುವುದು ಸಾಮಾನ್ಯವಾಗಿ ಅದರ ಅರ್ಧ, ಕೆಲವೊಮ್ಮೆ ಇನ್ನೂ ಕಡಿಮೆ. ಸಲೀಸಾಗಿ ಹರಡುವ ಎಣ್ಣೆ ಆರಿಸುವುದೂ ರಕ್ಷಣೆಯ ಕೆಲಸವೇ, ಅಲ್ವಾ?

ಮೂರನೆಯದು ಜೊಜೊಬಾ. ಎಣ್ಣೆ ಅಂತ ಕರೆದರೂ ಇದು ದ್ರವರೂಪದ ಮೇಣ. ಜೋಡಿ ಬಂಧಗಳಿವೆ, ಆದರೂ ತುಂಬ ದಿನ ಕೆಡದೆ ನಿಲ್ಲುತ್ತದೆ. ಆಲಿವ್ ಅಥವಾ ಕಬ್ಬಿನಿಂದ ತೆಗೆದ ಸ್ಕ್ವಾಲೇನ್ ಅನ್ನುವ ಹಗುರ ಎಣ್ಣೆ ಸಿಕ್ಕರೆ ಅದೂ ಒಳ್ಳೆಯದು. ಸೂರ್ಯಕಾಂತಿ ಎಣ್ಣೆಯೇ ಬೇಕು ಅಂದರೆ ಓಲಿಯಿಕ್ ಹೆಚ್ಚಿರುವ ತಳಿಯದ್ದನ್ನು ಕೇಳಿ ತನ್ನಿ. ಹೆಸರು ಒಂದೇ, ಬಾಳಿಕೆ ಬೇರೆ.

ಪರಿಮಳಕ್ಕೆ ಅಂತ ಬರ್ಗಮಾಟ್, ಹಿಂಡಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅವುಗಳಲ್ಲಿರುವ ಫ್ಯೂರೊಕೂಮರಿನ್‌ಗಳು ಬಿಸಿಲು ತಾಗಿದಾಗ ಚರ್ಮದಲ್ಲಿ ಸುಟ್ಟಂಥ ಗಾಯ, ಕಪ್ಪು ಕಲೆ ಮಾಡುತ್ತವೆ.

ಈಗ ಆ ಐದನೇ ತೊಂದರೆ. ಸೋಡಿಯಂ ಬೆಂಜೋಯೇಟ್ ಸೂಕ್ಷ್ಮಜೀವಿಗಳನ್ನು ತಡೆಯುವುದು ಬೆಂಜೋಯಿಕ್ ಆಮ್ಲದ ರೂಪದಲ್ಲಿ ಇದ್ದಾಗ ಮಾತ್ರ. ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟು ಹುಳಿ) 4.2ರಲ್ಲಿ ಅದರ ಅರ್ಧ ಭಾಗ ಆ ರೂಪದಲ್ಲಿರುತ್ತದೆ. ಪಿಎಚ್ 7ಕ್ಕೆ ಹೋದರೆ ಸಾವಿರದಲ್ಲಿ ಎರಡು ಭಾಗವೂ ಉಳಿಯುವುದಿಲ್ಲ. ಜಿಂಕ್ ಆಕ್ಸೈಡ್ ಇರುವ ಕ್ರೀಮಿನ ನೀರು 7ರ ಆಚೆಗೇ ಹೋಗುತ್ತದೆ. ಅಂದರೆ ನಿಮ್ಮ ಕ್ರೀಮಿನಲ್ಲಿ ಸಂರಕ್ಷಕ ಹೆಸರಿಗೆ ಇದೆ, ಕೆಲಸಕ್ಕೆ ಇಲ್ಲ. ಇನ್ನೊಂದು ಸಂರಕ್ಷಕವಾದ ಪೊಟ್ಯಾಸಿಯಂ ಸಾರ್ಬೇಟ್‌ದೂ ಇದೇ ಪಾಡು. ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಇಳಿಸೋಣ ಅಂದರೆ ಜಿಂಕ್ ಆಕ್ಸೈಡೇ ಕರಗಲು ಶುರುವಾಗುತ್ತದೆ. ಫೀನಾಕ್ಸಿಎಥನಾಲ್ ಅನ್ನುವ ಸಂರಕ್ಷಕವನ್ನು ಶೇ. 1ರೊಳಗೆ ಹಾಕಿ, ಅದು ಈ ಪಿಎಚ್‌ನಲ್ಲೂ ನಿಲ್ಲುತ್ತದೆ. ಅದು ಗಿಡದಿಂದ ಬಂದದ್ದಲ್ಲ, ನಿಜ. ಆದರೆ ಬೂಷ್ಟು ಬೆಳೆದ ಕ್ರೀಮ್ ಬಿಸಿಲಿಗೆ ಕೆಂಪಾದ ಚರ್ಮದ ಮೇಲೆ ಬೀಳುವುದು ನನಗೆ ಭಯ ಹುಟ್ಟಿಸುತ್ತದೆ. ವಿಟಮಿನ್ ಇ ಸಂರಕ್ಷಕ ಅಲ್ಲ. ಅದು ಎಣ್ಣೆ ಕಮಟಾಗುವುದನ್ನು ತಡ ಮಾಡುತ್ತದೆ ಅಷ್ಟೇ. ಈಗಾಗಲೇ ಕಮಟಾದ ಎಣ್ಣೆಯನ್ನು ಸರಿ ಮಾಡುವುದೂ ಇಲ್ಲ.

ಇನ್ನೊಂದು ಬದಲಾವಣೆ: ಎಣ್ಣೆಯೊಳಗೆ ನೀರಿನ ಹನಿಗಳು ಇರುವ ಎಮಲ್ಷನ್ (ಎಣ್ಣೆ ನೀರಿನ ಮಿಶ್ರಣ) ಮಾಡಿ. ಸಾಮಾನ್ಯ ಕ್ರೀಮಿನಲ್ಲಿ ನೀರಿನೊಳಗೆ ಎಣ್ಣೆಯ ಹನಿ ಇರುತ್ತದೆ, ಇದು ಅದರ ತಿರುಗುಮುರುಗು. ಪುಡಿ ಹೊರಗಿನ ಎಣ್ಣೆಯಲ್ಲೇ ಉಳಿಯುತ್ತದೆ, ಚರ್ಮದ ಮೇಲೆ ಬಿಡುವಿಲ್ಲದ ಪದರ ಆಗುತ್ತದೆ, ಬೆವರಿಗೆ ಬೇಗ ತೊಳೆದುಹೋಗುವುದಿಲ್ಲ. ಸಿಲೇನ್ (ಸಿಲಿಕಾನ್ ಇರುವ ವಸ್ತು) ಕೋಟಿಂಗ್ ಇರುವ ಜಿಂಕ್ ಆಕ್ಸೈಡ್‌ಗೆ ಬದಲಾಯಿಸಿ. ಆ ಕೋಟಿಂಗ್ ಕಣಕ್ಕೂ ಎಣ್ಣೆಯ ಆಮ್ಲಕ್ಕೂ ನಡುವೆ ಗೋಡೆಯ ಹಾಗೆ ನಿಲ್ಲುತ್ತದೆ.

ನೂರು ಗ್ರಾಂಗೆ ನಾನು ಶುರು ಮಾಡುವ ಅಳತೆ ಹೀಗೆ: ಕೋಟಿಂಗ್ ಇರುವ ಜಿಂಕ್ ಆಕ್ಸೈಡ್ 20 ಗ್ರಾಂ, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 14, ಜೊಜೊಬಾ 5, ಹರಳೆಣ್ಣೆ 3, ಎಣ್ಣೆ, ನೀರು ಎರಡನ್ನೂ ಹಿಡಿದಿಡುವ ಎಮಲ್ಸಿಫೈಯರ್ ಆಗಿ ಪಾಲಿಗ್ಲಿಸರಿಲ್-2 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್ 4, ಜೇನುಮೇಣ 1.5, ವಿಟಮಿನ್ ಇ 0.3. ನೀರಿನ ಕಡೆಗೆ ಗ್ಲಿಸರಿನ್ 4, ಮೆಗ್ನೀಸಿಯಂ ಸಲ್ಫೇಟ್ 0.7, ಸಂರಕ್ಷಕ 1, ಉಳಿದ 46.5 ಗ್ರಾಂ ನೀರು. ಮೆಗ್ನೀಸಿಯಂ ಸಲ್ಫೇಟ್ ಚಿಕ್ಕ ಅಳತೆ ಅಂತ ಬಿಡಬೇಡಿ, ನೀರಿನ ಹನಿಗಳು ಕೂಡಿಕೊಳ್ಳದಂತೆ ಹಿಡಿಯುವುದು ಅದು. ಜೇನುಮೇಣ ಎಣ್ಣೆಗೆ ಮೈ ಕೊಡುತ್ತದೆ. ಜಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟು ತೂಕದ ಪುಡಿ, ಎಣ್ಣೆ ತೆಳುವಾಗಿದ್ದರೆ ತಳಕ್ಕೆ ಕೂರುತ್ತದೆ.

ಪುಡಿ ತೂಗುವಾಗ ಮಾಸ್ಕ್ ಹಾಕಿಕೊಳ್ಳಿ. ಕ್ಯಾಪ್ರಿಲಿಕ್ ಎಣ್ಣೆ, ಹರಳೆಣ್ಣೆ, ಎಮಲ್ಸಿಫೈಯರ್ ಮೂರನ್ನೂ ಸೇರಿಸಿ ಅದರಲ್ಲಿ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಅರೆಯಿರಿ. ಒಟ್ಟಿಗೆ ಸುರಿದರೆ ಒಳಗೆ ಒಣ ಪುಡಿ ಉಳಿದ ಗಂಟುಗಳಾಗುತ್ತವೆ, ಆಮೇಲೆ ಎಷ್ಟು ತಿರುಗಿಸಿದರೂ ಒಡೆಯುವುದಿಲ್ಲ. ನುಣ್ಣಗಾಗುವ ತನಕ ಅರೆದು, ಗಾಜಿನ ಸ್ಲೈಡಿನಲ್ಲಿ ನೋಡಿ. ಚುಕ್ಕಿ ಕಂಡರೆ ಮುಂದೆ ಹೋಗಬೇಡಿ, ಮತ್ತೆ ಅರೆಯಿರಿ. ಜೇನುಮೇಣವನ್ನು ಜೊಜೊಬಾದಲ್ಲಿ ಕರಗಿಸಿ ಇದಕ್ಕೆ ಸೇರಿಸಿ. ಎಣ್ಣೆ, ನೀರು ಎರಡೂ 70 ಡಿಗ್ರಿ ಇರುವಾಗ ನೀರನ್ನು ತೆಳು ಧಾರೆಯಾಗಿ, ತಿರುಗಿಸುತ್ತಲೇ, ಎಣ್ಣೆಗೆ ಬಿಡಿ. ಅವಸರ ಮಾಡಿದರೆ ಎಮಲ್ಷನ್ ತಿರುಗಿಬೀಳುತ್ತದೆ. ವಿಟಮಿನ್ ಇ, ಸಂರಕ್ಷಕ 40 ಡಿಗ್ರಿಗೆ ಇಳಿದ ಮೇಲೆ.

ಹೀಗೆ ಮಾಡಿದ ಕ್ರೀಮಿಗೆ ಎಸ್‌ಪಿಎಫ್ ಎಷ್ಟು ಅಂತ ನೀವು ಕೇಳಿದರೆ, ಅಳೆಯದೆ ನಾನು ಹೇಳುವುದಿಲ್ಲ. ನೀವೂ ಡಬ್ಬಿಯ ಮೇಲೆ ಬರೆಯಬೇಡಿ. ಜಿಂಕ್ ಆಕ್ಸೈಡ್ ಶೇಕಡಾವಾರು ನೋಡಿ ಎಸ್‌ಪಿಎಫ್ ಹೇಳುವ ಲೆಕ್ಕಗಳನ್ನು ನಂಬಬೇಡಿ. ಐಎಸ್‌ಒ 24444 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸ್ವಯಂಸೇವಕರ ಚರ್ಮದ ಮೇಲೆ ಮಾಡುವ ಪರೀಕ್ಷೆ ಇದೆ. ಚರ್ಮ ಬೇಡದ, ಪ್ಲಾಸ್ಟಿಕ್ ಫಲಕದ ಮೇಲೆ ಮಾಡುವ ಐಎಸ್‌ಒ 23675 ವಿಧಾನವೂ 2024ರಲ್ಲಿ ಬಂದಿದೆ. ಮಾರುವ ಮೊದಲು ಇದರಲ್ಲಿ ಒಂದು ಆಗಲೇಬೇಕು. ಆದರೆ ಅದಕ್ಕೆ ಹಣ ಹಾಕುವ ಮೊದಲು ಕ್ರೀಮ್ ನಿಲ್ಲುತ್ತದಾ ಅಂತ ನೋಡಿಕೊಳ್ಳಿ. ಒಂದು ಡಬ್ಬಿ 45 ಡಿಗ್ರಿಯಲ್ಲಿ, ಒಂದು ಮಾಮೂಲಿ ಕೋಣೆಯಲ್ಲಿ, ಒಂದು ಫ್ರಿಜ್‌ನಲ್ಲಿ, ಮೂರು ತಿಂಗಳು. ವಾರಕ್ಕೊಮ್ಮೆ ತೆಗೆದು ಮೂಸಿ, ಚಮಚದಿಂದ ಎತ್ತಿ ನೋಡಿ, ಸ್ಲೈಡ್ ಹಚ್ಚಿ ಬರೆದಿಡಿ.

ಕೆಟ್ಟ ಕ್ರೀಮನ್ನು ಯಾರೂ ಹಚ್ಚಿಕೊಳ್ಳಬಾರದು. ಆದರೂ ಒಂದು ಡಬ್ಬಿ, ಹಚ್ಚಬೇಡಿ ಎಂದು ಬರೆದು, ಎತ್ತಿಡಿ. ಹೊಸದರ ಸ್ಲೈಡ್ ತೆಗೆದ ದಿನ ಹಳೆಯದರದ್ದನ್ನೂ ಪಕ್ಕದಲ್ಲೇ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲೂ ಚುಕ್ಕಿ ಕಂಡರೆ ಎಣ್ಣೆಗಳ ವಿಶ್ಲೇಷಣಾ ಪತ್ರದಲ್ಲಿರುವ ಆಮ್ಲ ಮೌಲ್ಯಗಳ ಜೊತೆ ನನಗೆ ಮತ್ತೆ ಬರೆಯಿರಿ.